ಕಲಾವಿಮರ್ಶೆಯ ತರಗತಿ: ಕಲ್ಕತ್ತೆಯಿಂದ ಬರೋಡಕ್ಕೆ

ಮುಂಬಯಿಯಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದ, ಮುಂದೆ ಚಿತ್ರಕಾರರಾದ ಭೂಪೇನ್ ಖಕ್ಕರ್ 1962ರಲ್ಲಿ ಬರೋಡಕ್ಕೆ ಬಂದು ಸೇರಿದ್ದು ಚಿತ್ರಕಲೆಯ ತರಗತಿಗಲ್ಲ, ಕಲಾವಿಮರ್ಶೆಯ ತರಗತಿಗೆ. ಎರಡು ದಶಕಗಳ ಅನಂತರ, 1982ರಲ್ಲಿ, ಅಲ್ಲಿಯೇ ಕಲಾವಿಮರ್ಶೆಯಲ್ಲಿ ಸ್ನಾತಕೋತ್ತರ ಪದವಿ ಪಡೆದ ಅನಿತಾ ದುಬೆ ಮುಂದೆ ಶಿಲ್ಪಿಯಾದರು. ಕವಿಯಾಗಲಾರದವನು ವಿಮರ್ಶಕನಾಗುತ್ತಾನೆ ಎಂದು ಸಾಹಿತ್ಯದಲ್ಲಿ ತಮಾಷೆಗೆ ಹೇಳುವುದುಂಟು. ಇಲ್ಲಿ ಅದು ತಿರುವುಮುರುವಾಗಿದೆ. ಇದನ್ನು ಇಬ್ಬರ ಬದುಕಿನ ಆಕಸ್ಮಿಕ ಎಂದು ಬಿಡಲಾಗದು. ಭಾರತದ ವಿಶ್ವವಿದ್ಯಾಲಯಗಳಲ್ಲಿ ಕಲಾಸಿದ್ಧಾಂತದ ಪಾಠ ಯಾವ ಕಟ್ಟಡದಲ್ಲಿ, ಯಾರ ನೆರೆಯಲ್ಲಿ, ಯಾವ ಭಾಷೆಯಲ್ಲಿ ನಡೆಯಿತು ಎಂಬುದೇ ಆ ಶಿಸ್ತಿನ ಸ್ವಭಾವವನ್ನು ತೀರ್ಮಾನಿಸಿತು ಎಂಬುದು ಈ ಲೇಖನದ ವಾದ.

ಕಥೆ ಕಲ್ಕತ್ತೆಯಲ್ಲಿ ಶುರುವಾಗುತ್ತದೆ. ಕುಲಪತಿಯಾಗಿದ್ದ ಆಶುತೋಷ ಮುಖರ್ಜಿಯವರ ಕಾಲದಲ್ಲಿ ಖೈರಾ ಮನೆತನದ ದತ್ತಿಯಿಂದ ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಐದು ಪೀಠಗಳು ಹುಟ್ಟಿದವು. ಅವುಗಳಲ್ಲೊಂದು ಭಾರತೀಯ ಕಲೆಗೆ ಮೀಸಲಾದ ರಾಣಿ ವಾಗೀಶ್ವರಿ ಪೀಠ. 1921ರಿಂದ 1929ರವರೆಗೆ ಅದರಲ್ಲಿ ಕುಳಿತವರು ಚಿತ್ರಕಾರ ಅವನೀಂದ್ರನಾಥ ಠಾಕೂರರು. ನಮ್ಮ ಚಿತ್ರಕಾರ ಕೆ. ವೆಂಕಟಪ್ಪನವರು ಅವರ ಬಳಿ ಕಲಿತದ್ದು ಈ ಪೀಠಕ್ಕಿಂತ ಮೊದಲು, ಕಲ್ಕತ್ತೆಯ ಕಲಾಶಾಲೆಯ ದಿನಗಳಲ್ಲಿ. ಪೀಠದಿಂದ ಅವನೀಂದ್ರರು ಮೂವತ್ತರ ಹತ್ತಿರ ಉಪನ್ಯಾಸಗಳನ್ನು ಕೊಟ್ಟರು, ಎಲ್ಲವನ್ನೂ ಬಂಗಾಳಿಯಲ್ಲಿ. ವಿಶ್ವವಿದ್ಯಾಲಯವೆಂದರೆ ಇಂಗ್ಲಿಷ್ ಎಂದಿದ್ದ ಕಾಲದಲ್ಲಿ ಕಲೆಯ ತತ್ತ್ವವನ್ನು ಮನೆಮಾತಿನಲ್ಲಿ, ಅದೂ ಹರಟೆಯ ಧಾಟಿಯಲ್ಲಿ ಹೇಳಿದ್ದು ಸಣ್ಣ ಸಂಗತಿಯಲ್ಲ. ಈ ಉಪನ್ಯಾಸಗಳು ‘ವಾಗೀಶ್ವರಿ ಶಿಲ್ಪ ಪ್ರಬಂಧಾವಳಿ’ ಎಂಬ ಪುಸ್ತಕವಾದದ್ದು 1941ರಲ್ಲಿ.

ಅದೇ ವಿಶ್ವವಿದ್ಯಾಲಯದಲ್ಲಿ 1924ರಿಂದ ಪಾಠ ಮಾಡಿದ ಸ್ಟೆಲ್ಲಾ ಕ್ರಾಮ್ರಿಶ್ ಬೇರೆಯದೇ ದಾರಿ ಹಿಡಿದರು. ವಿಯೆನ್ನಾದಲ್ಲಿ ಕಲಾ ಇತಿಹಾಸವನ್ನು ಶಾಸ್ತ್ರವಾಗಿ ಓದಿ ಬಂದವರು ಅವರು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಭಾಗವನ್ನು ಇಂಗ್ಲಿಷಿಗೆ ತಂದರು. 1922ರಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯ ಕಲಾವಿದರ ಕೃತಿಗಳು ಕಲ್ಕತ್ತೆಯಲ್ಲಿ ಪ್ರದರ್ಶನಗೊಳ್ಳಲು ನೆರವಾದವರೂ ಅವರೇ. ಒಂದು ಕಣ್ಣು ಪ್ರಾಚೀನ ಗ್ರಂಥದ ಮೇಲೆ, ಇನ್ನೊಂದು ಕಣ್ಣು ಕಣ್ಣೆದುರಿನ ಕಲೆಯ ಮೇಲೆ. ಆದರೆ ವಿದ್ಯಾರ್ಥಿಯ ಕೈಗೆ ಇಲ್ಲಿ ಬಣ್ಣ ಮೆತ್ತಿಕೊಳ್ಳಲಿಲ್ಲ. ಚಿತ್ರ ಬರೆಯುವವರು ಕಲಾಶಾಲೆಯಲ್ಲಿದ್ದರು, ಚಿತ್ರದ ಬಗ್ಗೆ ಓದುವವರು ವಿಶ್ವವಿದ್ಯಾಲಯದಲ್ಲಿದ್ದರು.

ಮೈಸೂರಿನಲ್ಲೂ ಇದೇ ವಿಭಜನೆ ಇತ್ತು, ಇನ್ನೂ ನಿಚ್ಚಳವಾಗಿ. ಮಹಾರಾಜಾ ಕಾಲೇಜಿನ ಎಂ. ಹಿರಿಯಣ್ಣನವರು ಭಾರತೀಯ ಸೌಂದರ್ಯಮೀಮಾಂಸೆಯ ಮೇಲಿನ ಪ್ರಬಂಧವನ್ನು 1919ರಲ್ಲೇ ಪುಣೆಯ ಪ್ರಾಚ್ಯವಿದ್ಯಾ ಸಮ್ಮೇಳನದಲ್ಲಿ ಮಂಡಿಸಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಅಭಿಲಷಿತಾರ್ಥ ಚಿಂತಾಮಣಿ’ 1926ರಲ್ಲಿ ಮೈಸೂರಿನಿಂದಲೇ ಆರ್. ಶಾಮಶಾಸ್ತ್ರಿಗಳ ಸಂಪಾದನೆಯಲ್ಲಿ ಅಚ್ಚಾಯಿತು. ವಿದ್ಧ, ಅವಿದ್ಧ, ಭಾವ, ರಸ, ಧೂಳಿ ಎಂದು ಚಿತ್ರವನ್ನು ವಿಂಗಡಿಸುವ ಗ್ರಂಥ ಅದು. ಆದರೆ ರಸದ ಚರ್ಚೆ ಕಾವ್ಯ ಮತ್ತು ತತ್ತ್ವಶಾಸ್ತ್ರದ ತರಗತಿಯಲ್ಲೇ ಉಳಿಯಿತು. ರೇಖೆ, ಬಣ್ಣ, ದಂತದ ಕೆತ್ತನೆ ಎಲ್ಲ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನ ಪಾಲಾದವು. ಒಂದೇ ಊರಿನ ಎರಡು ಕಟ್ಟಡಗಳು ಒಂದನ್ನೊಂದು ಮಾತನಾಡಿಸಲಿಲ್ಲ. ಇನ್‌ಸ್ಟಿಟ್ಯೂಟ್ ಇರುವ ರಸ್ತೆಗೆ ಬರೋಡದ ದೊರೆ ಸಯ್ಯಾಜಿರಾವ್ ಅವರ ಹೆಸರು. ಈ ಎರಡು ಬಗೆಯ ಕಲಿಕೆಗಳ ನಡುವಿನ ಗೋಡೆ ಕೊನೆಗೆ ಬಿದ್ದದ್ದೂ ಅವರ ಹೆಸರಿನ ವಿಶ್ವವಿದ್ಯಾಲಯದಲ್ಲಿ.

1949ರಲ್ಲಿ ಆರಂಭವಾದ ಮಹಾರಾಜಾ ಸಯ್ಯಾಜಿರಾವ್ ವಿಶ್ವವಿದ್ಯಾಲಯದ ಕುಲಪತಿ ಹಂಸಾ ಮೆಹ್ತಾ. ಮರುವರ್ಷ ಅಲ್ಲಿ ಲಲಿತಕಲಾ ನಿಕಾಯ ಶುರುವಾಯಿತು, ಮಾರ್ಕಂಡ್ ಭಟ್ ಮೊದಲ ಡೀನ್. ಎನ್.ಎಸ್. ಬೇಂದ್ರೆ, ಶಂಖೋ ಚೌಧುರಿ, ಕೆ.ಜಿ. ಸುಬ್ರಹ್ಮಣ್ಯನ್ ಸ್ಟುಡಿಯೊಗಳಲ್ಲಿ ಕಲಿಸುತ್ತಿದ್ದರು. ಕಲೆಗೆ ಡಿಪ್ಲೊಮಾ ಸಾಕು ಎಂದಿದ್ದ ಕಡೆ ಪದವಿ ಬಂತು. ಪದವಿಯೆಂದ ಮೇಲೆ ಬರವಣಿಗೆಯ ಪರೀಕ್ಷೆ ಬೇಕಲ್ಲ! ಹಾಗಾಗಿ ಚಿತ್ರಕಾರನೂ ಶಿಲ್ಪಿಯೂ ಕಲಾ ಇತಿಹಾಸ ಓದಲೇಬೇಕಾಯಿತು. ಆಡಳಿತದ ಈ ಅನಿವಾರ್ಯತೆಯೇ ಒಂದು ಬೌದ್ಧಿಕ ಪರಂಪರೆಗೆ ಹೊಸಿಲಾಯಿತು ಎಂಬುದು ನನ್ನ ಅಭಿಪ್ರಾಯ. ದೊಡ್ಡ ಧ್ಯೇಯಗಳಿಗಿಂತ ಟೈಮ್‌ಟೇಬಲ್ ಕೆಲವೊಮ್ಮೆ ಹೆಚ್ಚು ಕೆಲಸ ಮಾಡುತ್ತದೆ.

ಅಲ್ಲಿ ಕಲಾ ಇತಿಹಾಸವನ್ನು ಕಲಿಸಿದವರನ್ನು ನೋಡಿ. ವಿಭಾಗವನ್ನು ಬಹುಕಾಲ ನಡೆಸಿದ ರತನ್ ಪರಿಮೂ ಮೊದಲು ಬೇಂದ್ರೆಯವರ ಕೈಕೆಳಗೆ ಕಲಿತ ಚಿತ್ರಕಾರ. ಅವರು 1973ರಲ್ಲಿ ಪ್ರಕಟಿಸಿದ ಅಧ್ಯಯನ ಅವನೀಂದ್ರನಾಥ, ಗಗನೇಂದ್ರನಾಥ, ರವೀಂದ್ರನಾಥರ ಚಿತ್ರಗಳನ್ನು ಕುರಿತದ್ದು. ಕಲ್ಕತ್ತೆಯ ಪೀಠದಲ್ಲಿ ಕುಳಿತವರು ಬರೋಡದಲ್ಲಿ ಅಧ್ಯಯನದ ವಸ್ತುವಾದರು. ಗುಲಾಂ ಮೊಹಮ್ಮದ್ ಶೇಖ್ ಅವರಂತೂ ಚಿತ್ರಕಾರ, ಗುಜರಾತಿ ಕವಿ, ಕಲಾ ಇತಿಹಾಸದ ಅಧ್ಯಾಪಕ ಮೂರೂ ಆಗಿದ್ದವರು. ಅವರು ಮತ್ತು ಖಕ್ಕರ್ ಸೇರಿ 1969ರಿಂದ 1973ರವರೆಗೆ ‘ವೃಶ್ಚಿಕ್’ ಪತ್ರಿಕೆ ನಡೆಸಿದರು. ಹೆಸರಿಗೆ ತಕ್ಕ ಕೊಂಡಿ ಅದಕ್ಕಿತ್ತು. ದೆಹಲಿಯ ಲಲಿತಕಲಾ ಅಕಾಡೆಮಿಯ ಧೋರಣೆಗಳನ್ನೂ ಅದು ಬಿಡಲಿಲ್ಲ.

ಇದರ ಫಲ ಪ್ರದರ್ಶನಗಳಲ್ಲಿ ಕಂಡಿತು. 1981ರ ‘ಪ್ಲೇಸ್ ಫಾರ್ ಪೀಪಲ್’ನಲ್ಲಿ ಶೇಖ್, ಖಕ್ಕರ್ ಮೊದಲಾದ ಆರು ಕಲಾವಿದರ ಚಿತ್ರಗಳಷ್ಟೇ ಮಹತ್ತ್ವ ವಿಮರ್ಶಕಿ ಗೀತಾ ಕಪೂರ್ ಬರೆದ ಪ್ರಬಂಧಕ್ಕೂ ಇತ್ತು. 1987ರಲ್ಲಿ ಶಿಲ್ಪಿ ಕೆ.ಪಿ. ಕೃಷ್ಣಕುಮಾರ್ ಮತ್ತು ಗೆಳೆಯರು, ಹೆಚ್ಚಿನವರು ಕೇರಳದವರು, ಬರೋಡದಲ್ಲಿ ‘ಕ್ವೆಶ್ಚನ್ಸ್ ಅಂಡ್ ಡಯಲಾಗ್’ ಪ್ರದರ್ಶನ ನಡೆಸಿದಾಗ ಅದರ ಪ್ರಣಾಳಿಕೆ ಬರೆದವರು ಅನಿತಾ ದುಬೆ. ಕಲೆಯ ಮಾರುಕಟ್ಟೆಯನ್ನೂ ಹಿರಿಯರ ಕಥನ ಶೈಲಿಯನ್ನೂ ಆ ಗುಂಪು ಒಟ್ಟಿಗೆ ಎದುರುಹಾಕಿಕೊಂಡಿತು. ತಾವು ಕಲಿತ ಶಾಲೆಯನ್ನೇ ಪ್ರಶ್ನಿಸುವ ಶಿಷ್ಯರನ್ನು ತಯಾರುಮಾಡಿದ್ದು ಆ ಶಾಲೆಯ ಹೆಗ್ಗಳಿಕೆ ಎಂದೇ ನಾನು ಎಣಿಸುತ್ತೇನೆ. ಬೆಂಗಳೂರಿನ ಪುಷ್ಪಮಾಲಾ ಎನ್. ಶಿಲ್ಪ ಕಲಿತದ್ದೂ ಎಂಬತ್ತರ ದಶಕದ ಆ ಬರೋಡದಲ್ಲೇ.

ಅದೇ ನಿಕಾಯದಲ್ಲಿ 2007ರ ಮೇ ತಿಂಗಳಲ್ಲಿ ವಿದ್ಯಾರ್ಥಿಯೊಬ್ಬರ ಪರೀಕ್ಷಾ ಕೃತಿಗಳು ಅಶ್ಲೀಲವೆಂದು ಅವುಗಳ ಮೇಲೆ ಹೊರಗಿನಿಂದ ದಾಳಿ ನಡೆದು ಆ ವಿದ್ಯಾರ್ಥಿಯ ಬಂಧನವಾಯಿತು. ಸಹಪಾಠಿಗಳು ಘೋಷಣೆ ಕೂಗಿದರು ನಿಜ. ಜೊತೆಗೆ ಭಾರತೀಯ ಪರಂಪರೆಯ ಶೃಂಗಾರ ಶಿಲ್ಪ, ಚಿತ್ರಗಳ ಪ್ರತಿಗಳನ್ನು ಪ್ರದರ್ಶನಕ್ಕಿಟ್ಟರು. ಕಲಾ ಇತಿಹಾಸದ ಪಾಠ ಅಂದು ಉತ್ತರಪತ್ರಿಕೆಯಿಂದ ಗೋಡೆಗೆ ಬಂದಿತ್ತು. ಆ ಪ್ರದರ್ಶನವನ್ನು ಮುಚ್ಚಲು ಒಪ್ಪದ ಪ್ರಭಾರ ಡೀನ್, ಕಲಾ ಇತಿಹಾಸಕಾರ ಶಿವಾಜಿ ಪಣಿಕ್ಕರ್ ಅಮಾನತಾದರು.

ಬರೋಡದ ಈ ಸಾಧನೆಗೆ ಒಂದು ಕೊರತೆಯೂ ಅಂಟಿಕೊಂಡಿದೆ: ಭಾಷೆ. ಶೇಖ್ ಗುಜರಾತಿಯಲ್ಲಿ ಬರೆದರೂ ಆ ಶಿಸ್ತಿನ ಮುಖ್ಯ ಬರಹಗಳೆಲ್ಲ ಇಂಗ್ಲಿಷಿನಲ್ಲಿವೆ. ಅವನೀಂದ್ರರು ತೆರೆದ ಬಾಗಿಲು ಅರ್ಧ ಮುಚ್ಚಿತು. ಕನ್ನಡದಲ್ಲಿ ಶಿವರಾಮ ಕಾರಂತರು ಭಾರತೀಯ ಚಿತ್ರಕಲೆಯ ಬಗ್ಗೆ ಪುಸ್ತಕ ಬರೆದದ್ದು ಯಾವ ಪೀಠದ ಹಂಗೂ ಇಲ್ಲದೆ. ಆಮೇಲೆಯೂ ನಮ್ಮ ಕಲಾವಿಮರ್ಶೆ ಬಹುಮಟ್ಟಿಗೆ ಬೆಳೆದದ್ದು ಪತ್ರಿಕೆಗಳ ಸಾಪ್ತಾಹಿಕ ಪುರವಣಿಗಳಲ್ಲಿ, ಪ್ರದರ್ಶನದ ಮಡಿಕೆಪತ್ರಗಳಲ್ಲಿ. 1981ರಲ್ಲಿ ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ‘ಕಾವಾ’, ಆರಂಭವಾದ ಮೇಲೆ ಪದವಿ ತರಗತಿಯೇನೋ ಬಂತು. ಆದರೆ ಕನ್ನಡದಲ್ಲಿ ನಡೆದ ಕಲಾಚರ್ಚೆಯ ಇತಿಹಾಸ ಬರೆಯಹೊರಟವರಿಗೆ ಬೇಕಾದ ಸಾಮಗ್ರಿ ಹೆಚ್ಚಾಗಿ ಇರುವುದು ಮನೆಗಳ ಅಟ್ಟದ ಮೇಲೆ. ಹಳೆಯ ಪ್ರದರ್ಶನದ ಕರಪತ್ರ, ಕ್ಯಾಟಲಾಗ್, ತರಗತಿಯ ಟಿಪ್ಪಣಿ, ಪತ್ರಿಕೆಯ ತುಣುಕು ನಿಮ್ಮಲ್ಲಿದ್ದರೆ ರದ್ದಿಗೆ ಹಾಕಬೇಡಿ. ತಾರೀಖು ಬರೆದು ಹತ್ತಿರದ ಕಲಾಶಾಲೆಯ ಗ್ರಂಥಾಲಯಕ್ಕೆ ಕೊಡಿ.