ಪುಣೆಯ ಪ್ರೌಢ ವಿದ್ಯಾರ್ಥಿಗಳೂ ಅವರ ಗಣಿತವೂ

ಹಗಲೆಲ್ಲ ಹೊಲದಲ್ಲಿಯೋ ಕೂಲಿಯಲ್ಲಿಯೋ ಬೆವರಿಳಿಸಿ ಬಂದವನಿಗೆ ವಿದ್ಯೆ ದೊರೆಯಬೇಕಾದರೆ ಗುರುವಾದವನು ತನ್ನ ರಾತ್ರಿಯನ್ನೇ ಅವನಿಗೆ ಒಪ್ಪಿಸಬೇಕಲ್ಲದೆ ಬೇರೆ ಉಪಾಯವಿಲ್ಲವೆಂಬುದನ್ನರಿತು, ಜೋತಿರಾವ್ ಫುಲೆಯವರೂ ಸಾವಿತ್ರೀಬಾಯಿಯವರೂ 1855ರಲ್ಲಿ ಪುಣೆಯ ತಮ್ಮ ಮನೆಯಲ್ಲಿಯೇ ರೈತರಿಗೂ ಕೂಲಿಕಾರರಿಗೂ ರಾತ್ರಿಶಾಲೆಯನ್ನು ತೆರೆದರು. ಬಾಲ್ಯದಲ್ಲಿ ಶಾಲೆಯನ್ನು ತೊರೆದು ತಂದೆಯ ಕಸುಬಿಗೆ ನಿಂತು, 1841ರಲ್ಲಿ ಸ್ಕಾಟಿಷ್ ಮಿಷನ್ ಶಾಲೆಯನ್ನು ಸೇರಿ ಮತ್ತೆ ಓದಿಗೆ ತೊಡಗಿದ ಜೋತಿರಾಯರಿಗೆ, ಬಿಟ್ಟ ಪಾಠವನ್ನು ಪುನಃ ಹಿಡಿಯುವವನ ಸಂಕೋಚವು ಅಪರಿಚಿತವಾಗಿರಲಾರದು.

ಈ ಸಂಕೋಚವು ಗಣಿತದಲ್ಲಿ ಇಮ್ಮಡಿಯಾಗುವುದು. ಸೇರಿಗೆ ಎರಡೂವರೆ ಆಣೆಯಂತೆ ಮೂರು ಸೇರು ಕೊಂಡು, ರೂಪಾಯಿ ಕೊಟ್ಟು, ಎಂಟೂವರೆ ಆಣೆ ಚಿಲ್ಲರೆಯನ್ನು ತಡವರಿಸದೆ ಎಣಿಸಿಕೊಳ್ಳುವ ಗೃಹಿಣಿಯೇ ಸ್ಲೇಟಿನ ಮೇಲಿನ ವ್ಯವಕಲನದ ಮುಂದೆ ಹಸುಗೂಸಾಗಿಬಿಡುತ್ತಿದ್ದಳು. ಅಂದಿನ ಲೆಕ್ಕವೇನು ಸುಲಭವೇ? ಪಕ್ಕದ ಸ್ಥಾನದಿಂದ ಎರವಲು ತರುವಾಗ ರೂಪಾಯಿಯೊಳಗೆ ಹತ್ತು, ಆಣೆಗೆ ಹದಿನಾರು, ಪೈಗೆ ಹನ್ನೆರಡು! ಆದರೆ ರೂಪಾಯಿ ಮುರಿಸಿದರೆ ಹದಿನಾರು ಆಣೆಯೆಂಬುದು ಆಕೆಗೆ ಕರತಲಾಮಲಕ. ಅಲ್ಲಿಂದಲೇ ಆರಂಭಿಸುವ ಉಪಾಧ್ಯಾಯನಿಗೆ ಕಲಿಸಬೇಕಾದುದು ಅರ್ಧ ಮಾತ್ರ ಉಳಿದಿರುತ್ತಿತ್ತು. 1957ರ ಏಪ್ರಿಲಿನಲ್ಲಿ ದಶಮಾನ ನಾಣ್ಯ ಬಂದು ಈ ಹದಿನಾರು–ಹನ್ನೆರಡುಗಳ ಜಂಜಾಟವನ್ನು ತೊಡೆದುಹಾಕಿತು. ಅದರೊಡನೆ ಚಿಲ್ಲರೆಯಿಂದ ಸ್ಲೇಟಿಗೆ ಏರುವ ಈ ಸೋಪಾನವೂ ಹೋಯಿತೆಂಬುದು ಬೇರೆ ಮಾತು.

ಕಲಿಯುವವರು ಬಲ್ಲಲ್ಲಿಂದಲೇ ಆರಂಭಿಸುವ ಇಂತಹ ತಾಳ್ಮೆಗೆ ಪುಣೆಯಲ್ಲಿ ಒಬ್ಬ ಗಣಿತಾಧ್ಯಾಪಕನೇ ದೊರೆತದ್ದು ಸುಯೋಗ. ತಿಲಕರು ತೆರವುಗೊಳಿಸಿದ ಗಣಿತದ ಸ್ಥಾನಕ್ಕೆ 1891ರಲ್ಲಿ ಫರ್ಗ್ಯುಸನ್ ಕಾಲೇಜಿಗೆ ಬಂದ ಧೋಂಡೋ ಕೇಶವ ಕರ್ವೆಯವರು, 1893ರಲ್ಲಿ ವಿಧವೆ ಗೋದೂಬಾಯಿಯವರನ್ನು ವಿವಾಹವಾಗಿ ಸ್ವಜನರ ಬಹಿಷ್ಕಾರಕ್ಕೊಳಗಾಗಿ, 1896ರಲ್ಲಿ ವಿಧವೆಯರಿಗಾಗಿ ಆಶ್ರಮವೊಂದನ್ನು ಸ್ಥಾಪಿಸಿ, 1900ರಲ್ಲಿ ಅದನ್ನು ಊರಾಚೆಯ ಹಿಂಗಣೆಯ ಗುಡಿಸಲಿಗೆ ಕೊಂಡೊಯ್ದರು. ಹಗಲು ಕಾಲೇಜಿನ ತರುಣರಿಗೆ ಉಚ್ಚ ಗಣಿತವನ್ನು ಬೋಧಿಸಿದ ಮೇಲೆ, ಸುಮಾರು ನಾಲ್ಕು ಮೈಲಿ ಕಾಲ್ನಡೆಯಲ್ಲಿ ಆ ಗುಡಿಸಲನ್ನು ಸೇರಿ, ಮೊದಲಕ್ಷರ ಮೊದಲಂಕಿಗಳ ಹಂತದಲ್ಲಿದ್ದವರಿಗೆ ಪಾಠ ಹೇಳುತ್ತಿದ್ದರು. ಕರ್ವೆಯವರ ನಾದಿನಿ ಪಾರ್ವತೀಬಾಯಿ ಆಠವಲೆಯವರು ಸುಮಾರು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಮಗನಿದ್ದ ವಿಧವೆಯಾಗಿ, ವಿದ್ಯಾಭ್ಯಾಸಕ್ಕೆ ತೊಡಗಿದವರು. ಮುಂದೆ ಆಶ್ರಮದ ಆಧಾರಸ್ತಂಭವಾಗಿ, 1918ರಲ್ಲಿ ಅಮೆರಿಕೆಗೂ ಹೋಗಿ ಬಂದರು. 1909ರಲ್ಲಿ ರಮಾಬಾಯಿ ರಾನಡೆಯವರ ಸೇವಾಸದನವೂ ಪ್ರೌಢ ಸ್ತ್ರೀಯರಿಗೆ ಬಾಗಿಲು ತೆರೆಯಿತು.

ಕರ್ವೆಯವರ ಬಂಧುವೇ ಆದ ರಘುನಾಥ ಪುರುಷೋತ್ತಮ ಪರಾಂಜಪೆಯವರು 1899ರಲ್ಲಿ ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಪ್ರಥಮಸ್ಥಾನ ಪಡೆದು ಸೀನಿಯರ್ ರ‍್ಯಾಂಗ್ಲರ್ ಆದಾಗ ಪುಣೆಯು ಹೆಮ್ಮೆಯಿಂದ ಬೀಗಿದ್ದು ಸಹಜವೇ. ಆದರೆ ಆ ಕಾಲದ ಪುಣೆಯಲ್ಲಿ ಗಣಿತದವನೊಬ್ಬನು ಮಾಡಿದ ಅತ್ಯಂತ ಕಠಿಣವಾದ ಕೆಲಸ ಯಾವುದೆಂದು ಕೇಳಿದರೆ, ನಾನು ಹಿಂಗಣೆಯ ಗುಡಿಸಲನ್ನೇ ತೋರಿಸುವೆನು.