39 ಅಂಕಿಗಳ ಅವಿಭಾಜ್ಯ ಸಂಖ್ಯೆ ಮತ್ತು ಲೂಕಾನ ಪರೀಕ್ಷೆ

1 ಮತ್ತು ತನ್ನನ್ನುಳಿದು ಬೇರಾವ ಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾಗದ ಅವಿಭಾಜ್ಯ ಸಂಖ್ಯೆಗಳಲ್ಲಿ, 2ರ 127ನೇ ಘಾತದಿಂದ 1ನ್ನು ಕಳೆದಾಗ ದೊರೆಯುವ 170141183460469231731687303715884105727 ಎಂಬುದರ ಸ್ಥಾನ ವಿಶಿಷ್ಟವಾದುದು. ಯಂತ್ರದ ನೆರವಿಲ್ಲದೆ, ಕೈಲೆಕ್ಕದಿಂದಲೇ ಅವಿಭಾಜ್ಯವೆಂದು ಸಿದ್ಧಪಟ್ಟ ಸಂಖ್ಯೆಗಳಲ್ಲಿ ಇದೇ ಅತಿ ದೊಡ್ಡದು.

2ರ ಘಾತಕ್ಕಿಂತ ಒಂದು ಕಡಿಮೆಯಿರುವ ಇಂಥ ಸಂಖ್ಯೆಗಳಿಗೆ ಫ್ರಾನ್ಸಿನ ಸನ್ಯಾಸಿ ಮರ್ಸೆನ್ನನ ಹೆಸರು ಅಂಟಿಕೊಂಡಿದೆ. ಅವನು 1644ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 67 ಮತ್ತು 257ರ ಘಾತಗಳು ತಪ್ಪಾಗಿ ಸೇರಿದ್ದವು, 61, 89, 107 ಬಿಟ್ಟುಹೋಗಿದ್ದವು, ಆದರೆ 127 ಸರಿಯಾಗಿತ್ತು. ಅದನ್ನು ಸಾಧಿಸುವ ಬಗೆ ಮಾತ್ರ ಆಗ ಯಾರಿಗೂ ತಿಳಿದಿರಲಿಲ್ಲ. 1772ರಲ್ಲಿ ಆಯ್ಲರ್ 31ನೇ ಘಾತದ 2147483647ನ್ನು ಅವಿಭಾಜ್ಯವೆಂದು ತೋರಿಸಿದಾಗಲೂ, ವಿಭಾಜಕವಾಗಬಲ್ಲ ಸಂಖ್ಯೆಗಳನ್ನು ತರ್ಕದಿಂದ ಕೆಲವಕ್ಕೆ ಇಳಿಸಿಕೊಂಡು ಒಂದೊಂದರಿಂದಲೂ ಭಾಗಿಸಿ ನೋಡಬೇಕಾಯಿತು; 39 ಅಂಕಿಗಳ ಸಂಖ್ಯೆಗೆ ಈ ದಾರಿ ಮನುಷ್ಯರ ಆಯುಸ್ಸಿನಲ್ಲಿ ಮುಗಿಯುವಂಥದಲ್ಲ.

1876ರಲ್ಲಿ ಗಣಿತಜ್ಞ ಎದ್ವಾರ್ ಲೂಕಾ ಭಾಗಾಕಾರದ ಈ ಹುಡುಕಾಟವನ್ನೇ ಕೈಬಿಟ್ಟು, ಬೇರೊಂದು ವಿಧಾನದಿಂದ 127ನೇ ಘಾತದ ಸಂಖ್ಯೆ ಅವಿಭಾಜ್ಯವೆಂದು ಸಾಧಿಸಿದನು. 4ರಿಂದ ಭಾಗಿಸಿದಾಗ 3 ಶೇಷ ಉಳಿಯುವ ಅವಿಭಾಜ್ಯ ಘಾತಗಳಿಗೆ ಅವನ ವಿಧಾನವನ್ನು ಹೀಗೆ ಹೇಳಬಹುದು: 3ರಿಂದ ಆರಂಭಿಸಿ, ಪ್ರತಿ ಹೆಜ್ಜೆಯಲ್ಲಿ ವರ್ಗ ಮಾಡಿ 2 ಕಳೆದು, ಬಂದುದನ್ನು ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳುತ್ತ ಹೋಗಬೇಕು, ಘಾತಕ್ಕಿಂತ ಎರಡು ಕಡಿಮೆ ಹೆಜ್ಜೆಗಳ ಕೊನೆಗೆ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಇಲ್ಲವಾದರೆ ಅಲ್ಲ. 7ನೇ ಘಾತದ 127ಕ್ಕೆ ಇದನ್ನು ಅನ್ವಯಿಸಿದರೆ 3ರ ನಂತರ 7, 47, 48, 16, 0 ಎಂದು ಐದೇ ಹೆಜ್ಜೆಗಳಲ್ಲಿ ಲೆಕ್ಕ ಮುಗಿಯುತ್ತದೆ. 127ನೇ ಘಾತಕ್ಕೆ ಬೇಕಾದುದು 125 ಹೆಜ್ಜೆಗಳು. ಪ್ರತಿ ಹೆಜ್ಜೆಯೂ ಬೃಹತ್ ಗುಣಾಕಾರವೇ ಆದರೂ, 0 ಮತ್ತು 1 ಎಂಬ ಎರಡೇ ಅಂಕಿಗಳ ದ್ವಿಮಾನ ಪದ್ಧತಿಯಲ್ಲಿ ಬರೆದರೆ 127 ಸ್ಥಾನಗಳನ್ನು ಮೀರಿದ ಭಾಗವನ್ನು ಕತ್ತರಿಸಿ ಕೆಳಗಿನ ಸ್ಥಾನಗಳಿಗೆ ಕೂಡಿಸಿದರೆ ಸಾಕು, ಭಾಗಾಕಾರದ ಶ್ರಮವೇ ಉಳಿಯುವುದಿಲ್ಲ.

ಈ ಸಾಧನೆಯ ನಿಜವಾದ ಹೊಸತನ ಸಂಖ್ಯೆಯ ಗಾತ್ರದಲ್ಲಿಲ್ಲ. ಒಂದು ಸಂಖ್ಯೆ ಅವಿಭಾಜ್ಯವೇ ಎಂಬ ಪ್ರಶ್ನೆಯನ್ನು ಅದರ ಅಪವರ್ತನಗಳಾವುವು ಎಂಬ ಪ್ರಶ್ನೆಯಿಂದ ಲೂಕಾ ಬೇರ್ಪಡಿಸಿದನು, ಮತ್ತು ಇದೇ ಅವನ ಅತಿ ದೊಡ್ಡ ಕೊಡುಗೆ. ಅದೇ ವರ್ಷ ಅವನು 67ನೇ ಘಾತದ ಸಂಖ್ಯೆ ಅವಿಭಾಜ್ಯವಲ್ಲವೆಂದು ಒಂದೇ ಒಂದು ಅಪವರ್ತನವನ್ನೂ ಕಾಣದೆಯೇ ಸಾಧಿಸಿದ್ದನು. ಅದು 193707721 ಮತ್ತು 761838257287ರ ಗುಣಲಬ್ಧವೆಂದು ಅಮೆರಿಕದ ಗಣಿತಜ್ಞ ಕೋಲ್ ತೋರಿಸಿದ್ದು 1903ರಲ್ಲಿ.

ತಿಳಿದ ಅತಿ ದೊಡ್ಡ ಅವಿಭಾಜ್ಯವೆಂಬ ಲೂಕಾನ ದಾಖಲೆ ಎಪ್ಪತ್ತೈದು ವರ್ಷ ನಿಂತು, 1951ರಲ್ಲಿ ಲೆಕ್ಕಯಂತ್ರಗಳ ಮುಂದೆ ಮುರಿಯಿತು. ಪರೀಕ್ಷೆ ಮಾತ್ರ ಉಳಿಯಿತು. 1930ರ ಸುಮಾರಿಗೆ ಗಣಿತಜ್ಞ ಲೆಹ್ಮರ್ ಅದನ್ನು ಸರಳಗೊಳಿಸಿ, 4ರಿಂದ ಆರಂಭಿಸಿದರೆ ಎಲ್ಲ ಬೆಸ ಅವಿಭಾಜ್ಯ ಘಾತಗಳಿಗೂ ಸಲ್ಲುವಂತೆ ಮಾಡಿದ್ದನು. 2024ರ ಅಕ್ಟೋಬರಿನಲ್ಲಿ ಪತ್ತೆಯಾದ, 136279841ನೇ ಘಾತದ, 4,10,24,320 ಅಂಕಿಗಳ ಅವಿಭಾಜ್ಯ ಸಂಖ್ಯೆಯನ್ನು ದೃಢಪಡಿಸಿದ್ದೂ ಈ ಪರೀಕ್ಷೆಯೇ.