ಮದ್ದಿನ ಜೊತೆಗೆ ಹೋಗಬೇಕಾದ ಮಾತು: ನೀಲಗಿರಿಯಲ್ಲಿ ಔಷಧ ಬಳಕೆಯ ಭಾಷಿಕ ಚರಿತ್ರೆ

ಉದಕಮಂಡಲದ ನೈಋತ್ಯಕ್ಕಿರುವ ಅವಲಾಂಚ್‌ಗೆ ಆ ಹೆಸರು ಬಂದದ್ದು 1823ರಲ್ಲಿ ಸಂಭವಿಸಿದ ಭಾರಿ ಭೂಕುಸಿತದಿಂದ. ಬಡಗರು ಈ ಭಾಗವನ್ನು ಕುಂದೆ ಸೀಮೆ ಎಂದು ಕರೆಯುತ್ತಾರೆ. ಸರ್ಕಾರಿ ಕಡತಗಳಲ್ಲಿ ಮತ್ತು ಪ್ರವಾಸಿಗರ ಬಾಯಲ್ಲಿ ಉಳಿದದ್ದು ಇಂಗ್ಲಿಷ್ ಹೆಸರು. 2019ರ ಆಗಸ್ಟ್‌ನಲ್ಲಿ ಇಲ್ಲಿ 24 ಗಂಟೆಗಳಲ್ಲಿ 800 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಅಂಥ ಮಳೆಯಲ್ಲಿ ರಸ್ತೆ ಕುಸಿದು ಔಷಧದಂಗಡಿಯ ದಾರಿ ಮುಚ್ಚಿದಾಗ, ರಕ್ತದೊತ್ತಡದ ಅಥವಾ ಸಕ್ಕರೆ ಕಾಯಿಲೆಯ ರೋಗಿಯ ಬಳಿ ಉಳಿಯುವುದು ಎರಡೇ: ಮನೆಯಲ್ಲಿರುವ ಮಾತ್ರೆಗಳು, ಮತ್ತು ಅವುಗಳ ಬಗ್ಗೆ ಹಿಂದೆ ಯಾರೋ ಹೇಳಿದ್ದ ಮಾತು. ಆ ಮಾತು ಯಾವ ಭಾಷೆಯಲ್ಲಿತ್ತು, ಎಷ್ಟು ಅರ್ಥವಾಗಿತ್ತು ಎಂಬುದು ಆಗ ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆಯಾಗುತ್ತದೆ.

ನೀಲಗಿರಿಯಲ್ಲಿ ಆಧುನಿಕ ಔಷಧದ ಚರಿತ್ರೆ ಒಂದೂವರೆ ಶತಮಾನಕ್ಕೂ ಹಳೆಯದು. ಈ ಅವಧಿಯಲ್ಲಿ ಔಷಧವನ್ನು ಬೆಳೆಯುವ, ಪರೀಕ್ಷಿಸುವ, ಅಗ್ಗದ ಬೆಲೆಗೆ ಹಂಚುವ ಕೆಲಸಗಳೆಲ್ಲ ಗಂಭೀರವಾಗಿ ನಡೆದವು. ಔಷಧದೊಡನೆ ಹೋಗಬೇಕಾದ ಮಾತು ಮಾತ್ರ ರೋಗಿಯ ಭಾಷೆಗೆ ಇಳಿಯಲಿಲ್ಲ. ಆ ಕೊರತೆಯ ಚರಿತ್ರೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ತೊಗಟೆ ಮತ್ತು ಪರೀಕ್ಷೆ

ಮಲೇರಿಯಾಕ್ಕೆ ಮದ್ದಾಗಿದ್ದ ಸಿಂಕೋನಾ ತೊಗಟೆ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳದು. ಕ್ಲೆಮೆಂಟ್ಸ್ ಮಾರ್ಕಂ ನೇತೃತ್ವದ ಯೋಜನೆಯಡಿ 1860ರ ಆಸುಪಾಸಿನಲ್ಲಿ ಅದರ ಬೀಜ, ಸಸಿಗಳು ಸಮುದ್ರ ದಾಟಿ ನೀಲಗಿರಿಗೆ ಬಂದವು. ಉದಕಮಂಡಲದ ಸರ್ಕಾರಿ ಉದ್ಯಾನದ ಮೇಲ್ವಿಚಾರಕ ವಿಲಿಯಂ ಮೆಕೈವರ್ ದೊಡ್ಡಬೆಟ್ಟದಲ್ಲಿಯೂ ನಡುವಟ್ಟದಲ್ಲಿಯೂ ತೋಟಗಳನ್ನು ಎಬ್ಬಿಸಿದ. ಮರವನ್ನು ಕಡಿಯದೆ ತೊಗಟೆಯನ್ನು ಪಟ್ಟೆಪಟ್ಟೆಯಾಗಿ ಸುಲಿದು, ಗಾಯದ ಮೇಲೆ ಹಾವಸೆ ಹೊದಿಸಿ, ಮತ್ತೆ ಬೆಳೆದ ತೊಗಟೆಯನ್ನು ಪಡೆಯುವ ಕ್ರಮ ಅವನದೇ. ನಡುವಟ್ಟದ ತೋಟದಲ್ಲಿ ಮಲಯ ದ್ವೀಪಸೀಮೆಯಿಂದ ಸಾಗಿಸಿ ತಂದ ಚೀನೀ ಕೈದಿಗಳೂ ದುಡಿದರು.

ನೀಲಗಿರಿಯಲ್ಲಿ ಚೆನ್ನಾಗಿ ಬಂದದ್ದು ಕೆಂಪು ತೊಗಟೆಯ ಜಾತಿ. ಅದರಲ್ಲಿ ಕ್ವಿನೈನ್ ಅಂಶ ಕಡಿಮೆ. ಅದರ ಸೋದರ ಕ್ಷಾರಸತ್ವಗಳಾದ ಸಿಂಕೋನಿನ್, ಸಿಂಕೋನಿಡಿನ್ ಮುಂತಾದವು ಹೆಚ್ಚು. ಶುದ್ಧ ಕ್ವಿನೈನ್‌ಗಷ್ಟೇ ಬೆಲೆಯಿದ್ದ ಕಾಲದಲ್ಲಿ ಇದು ತೊಡಕಿನ ಸಂಗತಿ. 1866ರಲ್ಲಿ ಮೂರೂ ಪ್ರೆಸಿಡೆನ್ಸಿಗಳಲ್ಲಿ ವೈದ್ಯಕೀಯ ಆಯೋಗಗಳು ರಚನೆಯಾದದ್ದು ಇದನ್ನು ಬಗೆಹರಿಸಲು. ಮದ್ರಾಸ್ ಆಯೋಗ ಸಾವಿರಕ್ಕೂ ಹೆಚ್ಚು ಜ್ವರಪೀಡಿತರ ಮೇಲೆ ಈ ಸತ್ವಗಳನ್ನು ಪ್ರಯೋಗಿಸಿ, ಉಳಿದವೂ ಕ್ವಿನೈನ್‌ಗೆ ಸರಿಸಮವಲ್ಲದಿದ್ದರೂ ಸಮೀಪದ ಗುಣವುಳ್ಳವೆಂಬ ತೀರ್ಮಾನಕ್ಕೆ ಬಂತು. ಬಡವರಿಗೆ ಎಟುಕುವ ಜ್ವರದ ಮದ್ದು ಸಾಧ್ಯವೆಂಬ ಭರವಸೆ ಹುಟ್ಟಿದ್ದು ಇದರಿಂದಲೇ.

ಆದರೆ ಈ ಸತ್ವಗಳ ಸ್ವಭಾವ ಒಂದೇ ಅಲ್ಲ. ಕ್ವಿನೈನ್ ಪ್ರಮಾಣ ಹೆಚ್ಚಾದರೆ ಕಿವಿಯಲ್ಲಿ ಮೊರೆತ, ತಲೆಸುತ್ತು, ವಾಕರಿಕೆ, ದೃಷ್ಟಿದೋಷ ಕಾಣಿಸಿಕೊಳ್ಳುತ್ತವೆ. ಕ್ವಿನಿಡಿನ್ ಹೃದಯದ ಬಡಿತದ ಲಯವನ್ನೇ ಬದಲಿಸಬಲ್ಲದು. ಜ್ವರ ಇಳಿದೊಡನೆ ಮದ್ದು ನಿಲ್ಲಿಸಿದರೆ ರೋಗ ಮರುಕಳಿಸಬಹುದು. ಎಷ್ಟು, ಯಾವಾಗ, ಎಷ್ಟು ದಿನ ಎಂಬ ಸೂಚನೆ ಇಂಥ ಮದ್ದಿನಲ್ಲಿ ಚಿಕಿತ್ಸೆಯ ಅರ್ಧಭಾಗ.

2. ಒಂದೇ ದಿಕ್ಕಿನ ಭಾಷಾಂತರ

ಮದ್ರಾಸ್ ಸರ್ಕಾರ ಉದಕಮಂಡಲದಲ್ಲಿ ಕ್ವಿನಾಲಜಿಸ್ಟ್ ಎಂಬ ಹುದ್ದೆಯನ್ನು ಸೃಷ್ಟಿಸಿತ್ತು. 1866ರಲ್ಲಿ ಜಾನ್ ಬ್ರೌಟನ್ ಆ ಹುದ್ದೆಗೆ ಬಂದ. 1884ರಲ್ಲಿ ಡೇವಿಡ್ ಹೂಪರ್. ಹೂಪರ್‌ನ ಕಾಲದಲ್ಲಿ ನಡುವಟ್ಟದಲ್ಲಿ ಕ್ವಿನೈನ್ ತಯಾರಿಕೆ ನೆಲೆಗೊಂಡಿತು. ವಿಲಿಯಂ ಡೈಮಾಕ್, ಸಿ.ಜೆ.ಎಚ್. ವಾರ್ಡನ್ ಅವರೊಡನೆ ಅವನು ರಚಿಸಿದ ‘ಫಾರ್ಮಕೋಗ್ರಾಫಿಯಾ ಇಂಡಿಕಾ’ ಈ ದೇಶದ ಸಸ್ಯಮೂಲ ಔಷಧಗಳ ಬೃಹತ್ ಸಂಗ್ರಹ.

ತೌಲನಿಕ ಅಧ್ಯಯನದ ಕಣ್ಣಿನಿಂದ ನೋಡಿದರೆ ಆ ಗ್ರಂಥ ಬಹುಭಾಷಾ ಕೋಶವೂ ಹೌದು. ಪ್ರತಿ ಮೂಲಿಕೆಯ ಕೆಳಗೆ ತಮಿಳು, ತೆಲುಗು, ಕನ್ನಡ, ಮರಾಠಿ ಮೊದಲಾದ ಭಾಷೆಗಳ ಹೆಸರುಗಳಿವೆ. ಸ್ಥಳೀಯ ಹೆಸರು ತಿಳಿಯದೆ ಮೂಲಿಕೆ ಸಿಗದು. ಹೀಗಾಗಿ ಭಾಷಾಂತರದ ಅಗತ್ಯವನ್ನು ವಿಜ್ಞಾನ ಬೇಗನೆ ಗುರುತಿಸಿತು. ಆದರೆ ಜ್ಞಾನ ಹರಿದ ದಿಕ್ಕು ಒಂದೇ. ಹೆಸರುಗಳು ಕನ್ನಡದಿಂದ ಇಂಗ್ಲಿಷಿಗೆ ಹೋದವು. ಹೊಸ ಮದ್ದಿನ ಪ್ರಮಾಣ, ಎಚ್ಚರಿಕೆ, ಅಡ್ಡಪರಿಣಾಮಗಳು ಬೆಟ್ಟದ ಭಾಷೆಗಳಿಗೆ ಬರಲು ಅಷ್ಟೇ ಶ್ರದ್ಧೆಯ ಏರ್ಪಾಡು ಆಗಲಿಲ್ಲ.

ಬಡಗ ಭಾಷೆಗೆ ಅನುವಾದ ಸಾಧ್ಯವಿರಲಿಲ್ಲವೆಂದು ಹೇಳುವಂತಿಲ್ಲ. ಮಿಷನರಿಗಳು 19ನೆಯ ಶತಮಾನದಲ್ಲಿಯೇ ಲೂಕನ ಸುವಾರ್ತೆಯನ್ನು ಬಡಗಕ್ಕೆ ತಂದು ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿಸಿದರು. ಕ್ರೈಸ್ತ ಪರಂಪರೆ ಲೂಕನನ್ನು ವೈದ್ಯನೆಂದು ನಂಬುತ್ತದೆ. ವೈದ್ಯನ ಸುವಾರ್ತೆ ಬಡಗರ ನುಡಿಗೆ ಬಂತು, ಮದ್ದಿನ ಸೂಚನೆ ಬರಲಿಲ್ಲ. ಅನುವಾದ ಆಗುವುದು ಯಾರಿಗಾದರೂ ಅದು ಅಗತ್ಯವೆಂದು ತೋರಿದಾಗ ಮಾತ್ರ.

3. ಅಂಚೆ ಕಚೇರಿಯ ಪೊಟ್ಟಣ

1892ರಲ್ಲಿ ಬಂಗಾಳದಲ್ಲಿ ಕ್ವಿನೈನ್ ಅನ್ನು ಸಣ್ಣ ಪೊಟ್ಟಣಗಳಲ್ಲಿ ಕಟ್ಟಿ ಅಂಚೆ ಕಚೇರಿಗಳ ಮೂಲಕ ಒಂದು ಪೈಸೆಗೆ, ಅಂದರೆ ಕಾಲಾಣೆಗೆ, ಮಾರುವ ವ್ಯವಸ್ಥೆ ಆರಂಭವಾಯಿತು. ಬಳಿಕ ಅದು ಮದ್ರಾಸ್ ಸೇರಿದಂತೆ ಇತರ ಪ್ರಾಂತಗಳಿಗೂ ಹಬ್ಬಿತು. ಆಸ್ಪತ್ರೆಯಿಲ್ಲದ ಊರಿಗೂ ಅಂಚೆ ಹೋಗುತ್ತಿದ್ದ ಕಾಲದಲ್ಲಿ ಇದು ದೂರದೃಷ್ಟಿಯ ಕ್ರಮ. ಮಲೇರಿಯಾಕ್ಕೆ ಹೆಸರಾಗಿದ್ದ ಗೂಡಲೂರು, ಮಸಿನಗುಡಿಯಂಥ ತಗ್ಗು ಸೀಮೆಗಳಿಗೆ ಅಗ್ಗದ ಮದ್ದಿನ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ.

ಆದರೂ ಈ ಪೊಟ್ಟಣ ಮದ್ದು ಕೊಡುವ ಕ್ರಿಯೆಯ ಸ್ವರೂಪವನ್ನೇ ಬದಲಿಸಿತು. ನಾಟಿವೈದ್ಯರ ಮನೆಯಲ್ಲಿ ಮದ್ದಿನೊಡನೆ ಅನುಪಾನ, ಪಥ್ಯ, ದಿನಗಳ ಲೆಕ್ಕ ಕೂಡಿರುತ್ತವೆ. ಪಥ್ಯವೇನೆಂದು ಕೇಳದೆ ರೋಗಿ ಏಳುವುದಿಲ್ಲ. ಅಂಚೆ ಪೇದೆ ವೈದ್ಯನೂ ಅಲ್ಲ, ಔಷಧಿಕನೂ ಅಲ್ಲ. ಅವನು ಅಂಚೆಚೀಟಿ ಮಾರುವಂತೆಯೇ ಮದ್ದನ್ನೂ ಮಾರಿದ. ಔಷಧ ಸರಕಾಯಿತು, ಮಾತು ಅದರಿಂದ ಬೇರ್ಪಟ್ಟಿತು.

ಕನ್ನಡ ಓದುಗರು ಇಲ್ಲಿ ಒಂದು ಪದವನ್ನು ನೆನೆಯಬಹುದು. ನಾವು ಗುಳಿಗೆಯನ್ನು ಮಾತ್ರೆ ಎನ್ನುತ್ತೇವೆ. ಛಂದಸ್ಸಿನಲ್ಲಿ ಅಕ್ಷರದ ಉಚ್ಚಾರಣೆಯ ಕಾಲವನ್ನು ಅಳೆಯುವ ಘಟಕವೂ ಮಾತ್ರೆಯೇ. ಎರಡರ ಮೂಲಾರ್ಥ ಅಳತೆ. ಅಳತೆ ತಿಳಿಸದೆ ಕೊಟ್ಟ ಗುಳಿಗೆಗೆ ಆ ಹೆಸರು ಪೂರ್ತಿಯಾಗಿ ಸಲ್ಲುವುದಿಲ್ಲ.

4. ಔಷಧಿಕ ಮತ್ತೆ ಮಾತಿಗೆ ಬಂದಾಗ

1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೈರೋಬಿಯಲ್ಲಿ ನಡೆಸಿದ ತಜ್ಞರ ಸಭೆ ಔಷಧದ ವಿವೇಚನಾಯುಕ್ತ ಬಳಕೆಯನ್ನು ಸ್ಥೂಲವಾಗಿ ನಾಲ್ಕು ಅಂಶಗಳಲ್ಲಿ ವಿವರಿಸಿತು: ರೋಗಕ್ಕೆ ತಕ್ಕ ಔಷಧ, ವ್ಯಕ್ತಿಗೆ ತಕ್ಕ ಪ್ರಮಾಣ, ಸಾಕಷ್ಟು ಅವಧಿ, ಕನಿಷ್ಠ ವೆಚ್ಚ. ನೀಲಗಿರಿಯ ಚರಿತ್ರೆಯನ್ನು ಇದರ ಪಕ್ಕದಲ್ಲಿಟ್ಟರೆ, ಮೊದಲ ಮತ್ತು ಕೊನೆಯ ಅಂಶಗಳಿಗೆ 19ನೆಯ ಶತಮಾನವೇ ಉತ್ತರ ಹುಡುಕಲು ಹೊರಟಿತ್ತು. ನಡುವಿನ ಎರಡು, ಪ್ರಮಾಣ ಮತ್ತು ಅವಧಿ, ಪೂರೈಸುವುದು ರೋಗಿಯ ಮನೆಯಲ್ಲಿ. ಅಲ್ಲಿಗೆ ತಲುಪಬಲ್ಲದ್ದು ಮಾತು ಮಾತ್ರ.

ಈ ಅರಿವಿನಿಂದ ಬೆಳೆದ ಶಿಸ್ತು ಫಾರ್ಮಸಿ ಪ್ರಾಕ್ಟಿಸ್. ಭಾರತದಲ್ಲಿ ಅದರ ಆರಂಭಕ್ಕೂ ನೀಲಗಿರಿಗೂ ನಂಟಿದೆ. ಮೈಸೂರಿನ ಜೆಎಸ್‌ಎಸ್ ಮಹಾವಿದ್ಯಾಪೀಠ 1980ರಲ್ಲಿ ಉದಕಮಂಡಲದಲ್ಲಿ ಔಷಧ ವಿಜ್ಞಾನದ ಕಾಲೇಜನ್ನು ಸ್ಥಾಪಿಸಿತು. 1990ರ ದಶಕದ ಉತ್ತರಾರ್ಧದಲ್ಲಿ ಮೈಸೂರು, ಉದಕಮಂಡಲ ಎರಡೂ ಕಡೆ ಈ ವಿಷಯದ ಸ್ನಾತಕೋತ್ತರ ಅಧ್ಯಯನ ಆರಂಭವಾದದ್ದು ದೇಶದಲ್ಲೇ ಮೊದಲ ಪ್ರಯತ್ನಗಳಲ್ಲೊಂದು. 2008ರಲ್ಲಿ ಫಾರ್ಮ್.ಡಿ. ಪದವಿ ಬಂತು, 2015ರ ಫಾರ್ಮಸಿ ಪ್ರಾಕ್ಟಿಸ್ ನಿಯಮಾವಳಿ ರೋಗಿಯೊಡನೆ ಸಮಾಲೋಚನೆಯನ್ನು ಔಷಧಿಕರ ಕರ್ತವ್ಯವೆಂದು ಗುರುತಿಸಿತು. ಅಂಚೆ ಪೊಟ್ಟಣ ಕಳಚಿಹಾಕಿದ್ದ ಮಾತು ಕಾಗದದ ಮೇಲಾದರೂ ಮರಳಿ ಬಂತು.

ಅಂಗಡಿಯ ಕಟ್ಟೆಯಲ್ಲಿ ಇಂದು ಆ ಮಾತಿನ ಜಾಗದಲ್ಲಿರುವುದು ಹೆಚ್ಚಾಗಿ ಸಂಕೇತ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಗಳನ್ನು ಸೂಚಿಸುವ 1-0-1 ಎಂಬ ಬರಹ ಭಾಷೆಯ ಹಂಗಿಲ್ಲದ್ದು, ಆದ್ದರಿಂದ ಉಪಯುಕ್ತ. ಆದರೆ ಎಷ್ಟು ದಿನ, ಊಟಕ್ಕೆ ಮುಂಚೆಯೋ ಬಳಿಕವೋ, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು ಎಂಬುದು ಅದರಲ್ಲಿಲ್ಲ. ಪ್ರತಿಜೈವಿಕಗಳ ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥವನ್ನು ಸಾರಲು 2016ರಲ್ಲಿ ಕೇಂದ್ರ ಸರ್ಕಾರ ಪ್ರಚಾರ ಕೈಗೊಳ್ಳಬೇಕಾಯಿತು. ಸಂಕೇತವನ್ನು ವಿವರಿಸಲು ಮತ್ತೆ ಭಾಷೆಯೇ ಬೇಕು.

5. ಗಣತಿಯ ಕನ್ನಡ, ಬಾಯಿಯ ಬಡಗ

ಯಾವ ಭಾಷೆ ಎಂಬ ಪ್ರಶ್ನೆ ನಮ್ಮಂಥ ಕೇಂದ್ರಗಳ ಬಾಗಿಲಿಗೆ ಬರುವುದು ಇಲ್ಲಿ. 2011ರ ಜನಗಣತಿಯಲ್ಲಿ ಬಡಗವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 1.33 ಲಕ್ಷ ಜನ. ಗಣತಿ ಅವರನ್ನು ಕನ್ನಡದ ಗುಂಪಿನಲ್ಲಿ ಎಣಿಸುತ್ತದೆ. ಆದರೆ ಭಾಷಾವಿಜ್ಞಾನಿಗಳಲ್ಲಿ ಹಲವರು ಬಡಗವನ್ನು ಸ್ವತಂತ್ರ ಭಾಷೆಯೆಂದು ಪರಿಗಣಿಸುತ್ತಾರೆ. ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪಿಲೋ-ರೈಚೂರ್ ಅವರ ಬಡಗ-ಇಂಗ್ಲಿಷ್ ನಿಘಂಟು 1992ರಲ್ಲಿ ಪ್ರಕಟವಾಗಿದೆ.

ಈ ವರ್ಗೀಕರಣದ ಪರಿಣಾಮ ಔಷಧದ ವಿಷಯದಲ್ಲಿ ಸ್ಪಷ್ಟ. ಔಷಧದ ಅಡ್ಡಪರಿಣಾಮವನ್ನು ರೋಗಿಯೇ ವರದಿ ಮಾಡಲು ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮ ರೂಪಿಸಿರುವ ನಮೂನೆ ತಮಿಳು, ಕನ್ನಡ, ಮಲಯಾಳ ಮೊದಲಾದ ಭಾಷೆಗಳಲ್ಲಿದೆ. ಕನ್ನಡವಿರುವುದರಿಂದ ಲೆಕ್ಕದ ಪ್ರಕಾರ ಬಡಗರಿಗೂ ವ್ಯವಸ್ಥೆಯಾದಂತೆಯೇ. ವಾಸ್ತವದಲ್ಲಿ ಬಡಗರು ಶಾಲೆಯಲ್ಲಿ ಕಲಿಯುವುದು ತಮಿಳು ಅಥವಾ ಇಂಗ್ಲಿಷ್. ಕನ್ನಡ ಲಿಪಿ ಬಹುತೇಕರಿಗೆ ಅಪರಿಚಿತ. ವಯಸ್ಸಾದ ಬಡಗ ಹೆಂಗಸಿಗೆ ಎದೆಯ ಸಂಕಟವನ್ನು ಹೇಳಿಕೊಳ್ಳಲು ಬೇಕಾದ ನುಡಿ ಯಾವ ನಮೂನೆಯಲ್ಲೂ ಇಲ್ಲ. ಆಲು ಕುರುಂಬ, ಇರುಳ, ಕೋತ, ತೋದ, ಪಣಿಯ ಭಾಷೆಗಳವರ ಸ್ಥಿತಿ ಇನ್ನೂ ಕಠಿಣ. ಭಾರತದಲ್ಲಿ ಕುಡಗೋಲು ಕಣ ರಕ್ತಹೀನತೆಯ ಲಕ್ಷಣ ಮೊದಲು ವರದಿಯಾದದ್ದು 1952ರಲ್ಲಿ, ನೀಲಗಿರಿಯ ಆದಿವಾಸಿಗಳಲ್ಲಿ. ಆ ಕಾಯಿಲೆಯ ಚಿಕಿತ್ಸೆ ಜೀವನಪರ್ಯಂತದ್ದು. ಅರ್ಥವಾಗದ ಸೂಚನೆಯ ಬೆಲೆಯೂ ಜೀವನಪರ್ಯಂತದ್ದೇ.

ಬಡಗವನ್ನು ಕನ್ನಡದ ಉಪಭಾಷೆ ಎನ್ನುವಾಗ ನಾವು ನಂಟನ್ನು ಮೆರೆಸುತ್ತಿದ್ದೇವೆಂದು ಭಾವಿಸುತ್ತೇವೆ. ಆದರೆ ಆ ನಂಟು ಅವರ ಅಗತ್ಯವನ್ನು ಮರೆಮಾಚುವ ತೆರೆಯೂ ಆಗಿದೆ. ನಂಟಿಗೆ ಹೊಣೆಯೂ ಇದ್ದರೆ, ಅದನ್ನು ಹೊರಲು ನಮ್ಮ ಕ್ಷೇತ್ರಕ್ಕೆ ಉಪಕರಣಗಳಿವೆ. ಔಷಧ ಸೂಚನೆಯ ವಾಕ್ಯಗಳು ನೂರನ್ನು ಮೀರಲಾರವು. ಅವನ್ನು ಆಯಾ ಭಾಷೆಯವರೇ ತಮ್ಮ ನುಡಿಗೆ ತಂದು, ಮೂಲವನ್ನು ನೋಡದ ಇನ್ನೊಬ್ಬರು ಹಿಂದಕ್ಕೆ ಅನುವಾದಿಸಿ, ಔಷಧಿಕರು ಎರಡನ್ನೂ ಹೋಲಿಸಿ ತಪ್ಪು ತಿದ್ದಬೇಕು. ಇವು ಮುಖ್ಯವಾಗಿ ಆಡುನುಡಿಗಳಾದ್ದರಿಂದ ಮುದ್ರಿತ ಪತ್ರಕ್ಕಿಂತ ಧ್ವನಿಮುದ್ರಣವೇ ಮೊದಲು ಬೇಕು. ನೋವು, ಉರಿ, ಸುಸ್ತು, ತಲೆಸುತ್ತುಗಳಿಗೆ ಈ ಭಾಷೆಗಳಲ್ಲಿರುವ ಸೂಕ್ಷ್ಮ ಪದಭೇದಗಳನ್ನು ಸಂಗ್ರಹಿಸಿದರೆ ಔಷಧಿಕರಿಗೂ ಕಲಿಯುವುದಿದೆ.

ಸಿಂಕೋನಾ ಬೀಜವನ್ನು ಸಮುದ್ರ ದಾಟಿಸಿ ತಂದು ಈ ಬೆಟ್ಟಕ್ಕೆ ಒಗ್ಗಿಸಲು ಸರ್ಕಾರವೊಂದು ವರ್ಷಗಟ್ಟಲೆ ದುಡಿಯಿತು. ನೂರು ವಾಕ್ಯಗಳನ್ನು ಅದೇ ಬೆಟ್ಟದ ನುಡಿಗಳಿಗೆ ಒಗ್ಗಿಸುವುದು ಅದಕ್ಕಿಂತ ಹಗುರಾದ ಕೆಲಸ.